36 ಲಕ್ಷ ಕಳಿಸಬೇಕು: ಆರ್‌ಟಿಜಿಎಸ್ ಮಾಡಲೋ, ಡಿಡಿ ಕೊಡಲೋ?

ಪ್ರಶ್ನೆ: ನಾವು ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರು. ಮಕ್ಕಳ ಓದಿಗೆ ಅನುಕೂಲವಾಗಲಿ ಎಂದು ಶಿವಮೊಗ್ಗದ ವಿನೋಬನಗರದಲ್ಲಿ ಒಂದು ಹಳೇ ಮನೆ ನೋಡಿದ್ದೇವೆ. 42 ಲಕ್ಷಕ್ಕೆ ಮಾತಾಗಿದೆ. 6 ಲಕ್ಷ ಮುಂಗಡ ಚೆಕ್ಕಿನಲ್ಲಿ ಕೊಟ್ಟು ಕರಾರು ಮಾಡಿಕೊಂಡಿದ್ದೇವೆ. ಬರುವ ಗುರುವಾರ ರಿಜಿಸ್ಟ್ರೇಷನ್. ಬಾಕಿ 36 ಲಕ್ಷ ಅಂದೇ ಕೊಡಬೇಕು. ಮಾರುವವರು ಬೆಂಗಳೂರಿನಲ್ಲಿದ್ದಾರೆ, ಬ್ರೋಕರ್ ಮೂಲಕ ಪರಿಚಯ. ದುಡ್ಡು ಸ್ವಲ್ಪ ಸೊಸೈಟಿಯಲ್ಲಿದೆ, ಉಳಿದದ್ದು ತೀರ್ಥಹಳ್ಳಿಯ ಬ್ಯಾಂಕಿನ ಉಳಿತಾಯ ಖಾತೆಯಲ್ಲಿದೆ. ತಮ್ಮ ಹೇಳ್ತಾನೆ, ಫೋನಲ್ಲೇ ಕಳಿಸಬಹುದು ಅಂತ. ಬ್ರೋಕರ್ ಹೇಳ್ತಾರೆ, ಬುಧವಾರವೇ ಬ್ಯಾಂಕಿನಿಂದ ಬ್ಯಾಂಕಿಗೆ ನೇರವಾಗಿ ಹೋಗುವ ಆರ್‌ಟಿಜಿಎಸ್ ಮಾಡಿಬಿಡಿ, 26 ಲಕ್ಷ ಅವರ ಖಾತೆಗೆ, 10 ಲಕ್ಷ ಅವರ ಮಗನ ಖಾತೆಗೆ ಅಂತ. ನಮ್ಮ ಭಾವ ಡಿಡಿ (ಬ್ಯಾಂಕೇ ಬರೆದುಕೊಡುವ ಡಿಮ್ಯಾಂಡ್ ಡ್ರಾಫ್ಟ್) ಬಿಟ್ಟು ಬೇರೆ ಏನೂ ಬೇಡ ಅಂತಾರೆ. ಯಾವುದು ಬೇಗ, ಯಾವುದು ಸುರಕ್ಷಿತ?

ಉತ್ತರ: ಮೊದಲು ಒಂದು ಮಾತು. ಬುಧವಾರ ಆರ್‌ಟಿಜಿಎಸ್ ಮಾಡಬೇಡಿ. ಮಗನ ಖಾತೆಗೆ ಒಂದು ರೂಪಾಯಿಯನ್ನೂ ಹಾಕಬೇಡಿ. ಉಳಿದದ್ದನ್ನು ನಿಧಾನವಾಗಿ ಮಾತಾಡೋಣ.

ಬೇಗ ಹೋಗುತ್ತಾ ಅನ್ನುವ ಚಿಂತೆ ಈಗ ಬೇಡ. ದೊಡ್ಡ ಮೊತ್ತ ಒಂದು ಬ್ಯಾಂಕಿನಿಂದ ಇನ್ನೊಂದಕ್ಕೆ ಹೋಗಲು ದಿನಗಟ್ಟಲೆ ಕಾಯುತ್ತಿದ್ದ ಕಾಲ ಹೋಯಿತು. ನೀವು ಕೇಳಬೇಕಾದ ಪ್ರಶ್ನೆ ಬೇರೆ ಇದೆ: ದುಡ್ಡು ನಿಮ್ಮ ಕೈ ಬಿಡುವ ಗಳಿಗೆ ಯಾವುದು, ಆ ಗಳಿಗೆಯಲ್ಲಿ ಮನೆ ಯಾರ ಹೆಸರಿನಲ್ಲಿರುತ್ತೆ? ಬ್ರೋಕರ್ ಹೇಳಿದ ಹಾಗೆ ಬುಧವಾರ ಕಳಿಸಿದರೆ, ಬುಧವಾರ ರಾತ್ರಿ ದುಡ್ಡು ಅವರದ್ದು, ಮನೆಯೂ ಅವರದ್ದೇ. ಗುರುವಾರ ಸರ್ವರ್ ಕೈಕೊಟ್ಟು ರಿಜಿಸ್ಟ್ರೇಷನ್ ಮುಂದಕ್ಕೆ ಹೋದರೆ? ಮಾರುವವರಿಗೆ ಹುಷಾರಿಲ್ಲದೆ ಬರಲು ಆಗದಿದ್ದರೆ? ಅವರು ಒಳ್ಳೆಯವರೇ ಇರಬಹುದು. ಆದರೆ ಒಳ್ಳೆಯವರನ್ನೂ ನಂಬಿ 36 ಲಕ್ಷ ಮುಂಚೆ ಕೊಡುವ ಅಗತ್ಯವಿಲ್ಲ ಅಲ್ವಾ?

ಈಗ ನಿಮ್ಮ ಮುಂದಿರುವ ದಾರಿಗಳನ್ನು ನೋಡೋಣ.

ತಮ್ಮ ಹೇಳಿದ ಫೋನಿನ ದಾರಿ ಈ ಮೊತ್ತಕ್ಕೆ ಆಗಿ ಬರಲ್ಲ. ಒಬ್ಬರಿಂದ ಇನ್ನೊಬ್ಬರಿಗೆ ಯುಪಿಐನಲ್ಲಿ ದಿನಕ್ಕೆ 1 ಲಕ್ಷ ಮಿತಿ. ಫೋನಲ್ಲೇ ಖಾತೆಯಿಂದ ಖಾತೆಗೆ ಕಳಿಸುವ ಐಎಂಪಿಎಸ್‌ನಲ್ಲಿ ಒಂದು ಸಲಕ್ಕೆ 5 ಲಕ್ಷ. ತುಂಡು ತುಂಡು ಮಾಡಿ ಎಂಟು ಸಲ ಕಳಿಸಬಹುದು ಅಂತ ಕೆಲವರು ಹೇಳುತ್ತಾರೆ. ಬ್ಯಾಂಕಿನ ದಿನದ ಮಿತಿ ಅದಕ್ಕೆ ಬಿಡುವುದು ಕಷ್ಟ. ಬಿಟ್ಟರೂ ನಾಲ್ಕನೆಯದ್ದು ಹೋಗಿ ಐದನೆಯದ್ದು ನಡುವೆ ಸಿಕ್ಕಿಹಾಕಿಕೊಂಡರೆ ಕ್ರಯಪತ್ರದಲ್ಲಿ ಏನಂತ ಬರೆಸುತ್ತೀರಿ? ಐಎಂಪಿಎಸ್ ನಡುವೆ ನಿಂತರೆ ಮಾರನೇ ದಿನದೊಳಗೆ ವಾಪಸ್ ಬರಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಅಂತ ರಿಸರ್ವ್ ಬ್ಯಾಂಕ್ ನಿಯಮ ಇದೆ. ಆದರೆ ರಿಜಿಸ್ಟ್ರೇಷನ್ ದಿನ ನಿಮಗೆ ಬೇಕಾಗಿರೋದು ಪರಿಹಾರ ಅಲ್ಲ.

ಬರೀ ಚೆಕ್ಕನ್ನು ಬಾಕಿ ಮೊತ್ತಕ್ಕೆ ಯಾರೂ ಒಪ್ಪಲ್ಲ. 2025ರ ಅಕ್ಟೋಬರ್ 4ರಿಂದ ಚೆಕ್ ಕ್ಲಿಯರಿಂಗ್ ದಿನವಿಡೀ ನಡೆಯುವ ಹಾಗಾಗಿದೆ, ಬೆಳಿಗ್ಗೆ ಹಾಕಿದ್ದು ಅಂದೇ ಜಮಾ ಆಗಬಹುದು. ಆದರೂ ಸಹಿ ಹಾಕಿ ಮನೆ ಬರೆದುಕೊಟ್ಟ ಮೇಲೆ ಚೆಕ್ ಬೌನ್ಸ್ ಆದರೆ ಅನ್ನುವ ಭಯ ಮಾರುವವರಿಗೆ ಇದ್ದೇ ಇರುತ್ತೆ. ಅವರ ಜಾಗದಲ್ಲಿ ನಾನಿದ್ದರೆ ನಾನೂ ಒಪ್ಪಲ್ಲ.

ನೆಫ್ಟ್ ಮತ್ತು ಆರ್‌ಟಿಜಿಎಸ್ ಎರಡರಲ್ಲೂ 36 ಲಕ್ಷ ಒಂದೇ ಸಲ ಹೋಗುತ್ತೆ. ರಿಸರ್ವ್ ಬ್ಯಾಂಕ್ ಎರಡಕ್ಕೂ ಮೇಲಿನ ಮಿತಿ ಇಟ್ಟಿಲ್ಲ. ಆರ್‌ಟಿಜಿಎಸ್‌ಗೆ ಕೆಳಗಿನ ಮಿತಿ ಇದೆ, 2 ಲಕ್ಷ. ನೆಫ್ಟ್ ಅಂದರೆ ಅರ್ಧ ಗಂಟೆಗೊಂದು ಬಿಡುವ ಬಸ್ಸು, ಆರ್‌ಟಿಜಿಎಸ್ ಅಂದರೆ ಹತ್ತಿದ ಕೂಡಲೇ ಹೊರಡುವ ಬಾಡಿಗೆ ಕಾರು. ನೆಫ್ಟ್‌ನಲ್ಲಿ ಬಂದ ಕೋರಿಕೆಗಳನ್ನು ಒಟ್ಟು ಹಾಕಿ ದಿನಕ್ಕೆ 48 ಕಂತುಗಳಲ್ಲಿ ಲೆಕ್ಕ ಮುಗಿಸುತ್ತಾರೆ. ಕಂತು ಮುಗಿದ ಮೇಲೆ ಎರಡು ಗಂಟೆಯೊಳಗೆ ಆ ಕಡೆಯವರ ಖಾತೆಗೆ ಜಮಾ ಆಗಬೇಕು. ಆರ್‌ಟಿಜಿಎಸ್‌ನಲ್ಲಿ ಒಂದೊಂದು ಪಾವತಿಯೂ ಬೇರೆ ಬೇರೆಯಾಗಿ ಆ ಕ್ಷಣವೇ ಇತ್ಯರ್ಥವಾಗುತ್ತೆ. ಸಂದೇಶ ಮುಟ್ಟಿದ 30 ನಿಮಿಷದೊಳಗೆ ಆ ಬ್ಯಾಂಕ್ ಜಮಾ ಮಾಡಬೇಕು. ಸಾಮಾನ್ಯವಾಗಿ ಅಷ್ಟು ಹೊತ್ತೂ ಬೇಕಾಗಲ್ಲ. ಖಾತೆ ನಂಬರ್ ಇಲ್ಲವೇ ಇಲ್ಲ, ಖಾತೆ ಮುಚ್ಚಿದೆ ಅನ್ನುವಂಥ ಕಾರಣಕ್ಕೆ ಜಮಾ ಮಾಡಲು ಆಗದಿದ್ದರೆ ಒಂದು ಗಂಟೆಯೊಳಗೆ ವಾಪಸ್ ಕಳಿಸಬೇಕು.

ಖರ್ಚಂತೂ ಲೆಕ್ಕಕ್ಕೇ ಇಲ್ಲ. 5 ಲಕ್ಷ ಮೀರಿದ ಆರ್‌ಟಿಜಿಎಸ್‌ಗೆ ಶಾಖೆಯಲ್ಲಿ ಹೆಚ್ಚೆಂದರೆ 49 ರೂಪಾಯಿ 50 ಪೈಸೆ, ಮೇಲೆ ಜಿಎಸ್‌ಟಿ. ಬಂದ ದುಡ್ಡಿಗೆ ಆ ಕಡೆಯವರಿಂದ ಏನೂ ಹಿಡಿಯುವ ಹಾಗಿಲ್ಲ. ಯಾರಾದರೂ ಆರ್‌ಟಿಜಿಎಸ್‌ಗೆ ಪರ್ಸೆಂಟ್ ಲೆಕ್ಕದಲ್ಲಿ ಚಾರ್ಜ್ ಅಂದರೆ ನಂಬಬೇಡಿ. ಡಿಡಿಗೆ ಮಾತ್ರ ಕಮಿಷನ್ ಮೊತ್ತದ ಲೆಕ್ಕದಲ್ಲಿ ಇರುತ್ತೆ, ಬ್ಯಾಂಕಿನಿಂದ ಬ್ಯಾಂಕಿಗೆ ಬೇರೆ. 36 ಲಕ್ಷಕ್ಕೆ ಅದು ಸಣ್ಣ ಮೊತ್ತ ಆಗಲಿಕ್ಕಿಲ್ಲ, ಮೊದಲೇ ಕೇಳಿಕೊಳ್ಳಿ.

ಇನ್ನು ಸಮಯ. ಆರ್‌ಟಿಜಿಎಸ್ 2020ರ ಡಿಸೆಂಬರ್ 14ರಿಂದ ಹಗಲೂ ರಾತ್ರಿ, ಭಾನುವಾರವೂ ನಡೆಯುತ್ತಿದೆ. ನೆಫ್ಟ್ ಅದಕ್ಕೂ ಒಂದು ವರ್ಷ ಮುಂಚಿನಿಂದ. ಆದರೆ ಇದನ್ನು ಓದಿ ಮೋಸ ಹೋಗಬೇಡಿ. 24 ಗಂಟೆ ತೆರೆದಿರೋದು ವ್ಯವಸ್ಥೆ, ನಿಮ್ಮ ಬ್ಯಾಂಕಿನ ಕೌಂಟರ್ ಅಲ್ಲ. ಶಾಖೆಯಲ್ಲಿ ಚಲನ್ ತೆಗೆದುಕೊಳ್ಳುವುದಕ್ಕೆ ಅವರವರದ್ದೇ ಹೊತ್ತು ಇರುತ್ತೆ, ಮಧ್ಯಾಹ್ನ ಊಟದ ಮೇಲೆ ಹೋದರೆ "ನಾಳೆ ಬನ್ನಿ" ಅನ್ನಬಹುದು. ಎರಡನೇ, ನಾಲ್ಕನೇ ಶನಿವಾರ ಬ್ಯಾಂಕೇ ಇಲ್ಲ.

ಈಗ ಆರ್‌ಟಿಜಿಎಸ್‌ನ ಇನ್ನೊಂದು ಮುಖ. ಇತ್ಯರ್ಥವಾದ ಪಾವತಿ ಅಂತಿಮ, ಹಿಂದಕ್ಕೆ ತೆಗೆದುಕೊಳ್ಳುವ ಹಾಗಿಲ್ಲ. ಇದು 2007ರ ಪಾವತಿ ಮತ್ತು ಇತ್ಯರ್ಥ ವ್ಯವಸ್ಥೆಗಳ ಕಾಯ್ದೆಯಲ್ಲೇ ಇರುವ ಮಾತು. ಮಾರುವವರಿಗೆ ಇದೇ ಧೈರ್ಯ, ಕೊಳ್ಳುವವರಿಗೆ ಇದೇ ಭಯ. ಜೊತೆಗೆ ದುಡ್ಡು ಜಮಾ ಆಗೋದು ಖಾತೆ ನಂಬರ್ ನೋಡಿ, ಹೆಸರು ನೋಡಿ ಅಲ್ಲ. ಚಲನ್ನಿನಲ್ಲಿ ನೀವು ಎಷ್ಟು ಸ್ಫುಟವಾಗಿ ಹೆಸರು ಬರೆದರೂ, ಒಂದು ಅಂಕಿ ತಪ್ಪಿ ಆ ನಂಬರಿನ ಖಾತೆ ಬೇರೆ ಯಾರದ್ದೋ ಆಗಿದ್ದರೆ ದುಡ್ಡು ಅಲ್ಲಿಗೇ ಹೋಗುತ್ತೆ. ನಂಬರ್ ಸರಿ ಇರಬೇಕಾದ ಹೊಣೆ ಕಳಿಸುವವರದ್ದು ಎಂದು ನಿಯಮವೇ ಹೇಳುತ್ತೆ.

ಹೀಗೆ ತಪ್ಪಿ ಹೋದರೆ ಏನು ಅಂತ ಕೇಳಬಹುದು. ನಿಮ್ಮ ಶಾಖೆಗೆ ಆಗಲೇ ಹೋಗಿ ಯುಟಿಆರ್ ನಂಬರ್ (ಆ ಪಾವತಿಯ ಗುರುತಿನ ಸಂಖ್ಯೆ) ಸಮೇತ ಬರವಣಿಗೆಯಲ್ಲಿ ಕೊಡಬೇಕು. ಅವರು ಆ ಬ್ಯಾಂಕಿಗೆ ಬರೆಯುತ್ತಾರೆ. ಆ ಖಾತೆದಾರರು ಒಪ್ಪಿದರೆ ದುಡ್ಡು ವಾಪಸ್. ಒಪ್ಪದಿದ್ದರೆ ಪೊಲೀಸು, ಕೋರ್ಟು. ಬ್ಯಾಂಕ್ ತಾನಾಗಿ ಇನ್ನೊಬ್ಬರ ಖಾತೆಯಿಂದ ಎತ್ತಿ ಕೊಡಲ್ಲ.

ಒಂದು ಒಳ್ಳೆಯ ಸುದ್ದಿ ಇದೆ. 2025ರ ಏಪ್ರಿಲ್ 1ರೊಳಗೆ ಎಲ್ಲ ಬ್ಯಾಂಕುಗಳೂ ಆರ್‌ಟಿಜಿಎಸ್, ನೆಫ್ಟ್ ಕಳಿಸುವವರಿಗೆ ಆ ಖಾತೆ ಯಾರ ಹೆಸರಿನಲ್ಲಿದೆ ಅಂತ ಮೊದಲೇ ತೋರಿಸುವ ಸೌಲಭ್ಯ ಕೊಡಬೇಕು ಎಂದು ರಿಸರ್ವ್ ಬ್ಯಾಂಕ್ ಹೇಳಿತು. ಖಾತೆ ನಂಬರ್, ಬ್ಯಾಂಕ್ ಶಾಖೆಯ ಗುರುತಿನ ಕೋಡ್ ಆದ ಐಎಫ್‌ಎಸ್‌ಸಿ ಹಾಕಿದರೆ ಹೆಸರು ಬರುತ್ತೆ. ಫೋನು, ಕಂಪ್ಯೂಟರಿನಲ್ಲಿ ಮಾತ್ರ ಅಲ್ಲ, ಶಾಖೆಗೆ ಹೋದವರಿಗೂ ಇದು ಉಂಟು. ಚಾರ್ಜ್ ಇಲ್ಲ. ಕೌಂಟರಿನಲ್ಲಿ ನೀವಾಗಿ ಕೇಳಿ: "ಈ ನಂಬರಿಗೆ ಯಾರ ಹೆಸರು ಬರ್ತಿದೆ, ಸ್ವಲ್ಪ ನೋಡಿ ಹೇಳಿ." ಕೇಳದಿದ್ದರೆ ಗಡಿಬಿಡಿಯಲ್ಲಿ ಅವರೂ ಹೇಳದೆ ಇರಬಹುದು.

ಹೆಸರು ಬಂತು ಅಂತ ಸುಮ್ನೆ ತಲೆಯಾಡಿಸಬೇಡಿ. ನಮ್ಮ ಮಲೆನಾಡಿನಲ್ಲಿ ಹೆಸರಿನ ಕಥೆ ನಿಮಗೇ ಗೊತ್ತು. ಪಹಣಿಯಲ್ಲಿ ಒಂದು, ಆಧಾರ್‌ನಲ್ಲಿ ಇನ್ನೊಂದು, ಪಾಸ್‌ಬುಕ್ಕಿನಲ್ಲಿ ಇನಿಷಿಯಲ್ ಹಿಂದೆ ಮುಂದೆ. ಸಣ್ಣ ವ್ಯತ್ಯಾಸ ಇದ್ದರೆ ಕರಾರು ಪತ್ರ, ಪಾನ್ ಕಾರ್ಡ್, ಕ್ಯಾನ್ಸಲ್ ಮಾಡಿದ ಚೆಕ್ ಪಕ್ಕಪಕ್ಕ ಇಟ್ಟು ನೋಡಿ. ಪೂರ್ತಿ ಬೇರೆ ಹೆಸರು ಬಂದರೆ ಅಲ್ಲಿಗೇ ನಿಲ್ಲಿಸಿ.

ಐಎಫ್‌ಎಸ್‌ಸಿ ಬಗ್ಗೆಯೂ ಒಂದು ಮಾತು ಸೇರಿಸುತ್ತೇನೆ, ನಮ್ಮ ಜಿಲ್ಲೆಯಲ್ಲಿ ಇದು ಇನ್ನೂ ತೊಂದರೆ ಕೊಡುತ್ತೆ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ ಎಸ್‌ಬಿಐ ಜೊತೆ ಸೇರಿತು. ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾ ಆಯಿತು. 2020ರಲ್ಲಿ ಸಿಂಡಿಕೇಟ್ ಹೋಗಿ ಕೆನರಾ, ಕಾರ್ಪೊರೇಷನ್ ಹೋಗಿ ಯೂನಿಯನ್. ಗ್ರಾಮೀಣ ಬ್ಯಾಂಕುಗಳೂ 2025ರ ಮೇನಲ್ಲಿ ಒಂದಾದವು. ಮನೆಯಲ್ಲಿ ಹಳೇ ಪಾಸ್‌ಬುಕ್, ಹಳೇ ಚೆಕ್ ಪುಸ್ತಕ ಮಾತ್ರ ಹಾಗೇ ಇರುತ್ತೆ. ಸಿಂಡಿಕೇಟ್ ಹೆಸರಿನ ಕೋಡುಗಳು 2021ರ ಜುಲೈ 1ಕ್ಕೇ ನಿಂತುಹೋದವು. ಮಾರುವವರು ಕಳಿಸಿದ ಫೋಟೋದಲ್ಲಿ ಈಗ ಇಲ್ಲದ ಬ್ಯಾಂಕಿನ ಹೆಸರು ಕಂಡರೆ ಹೊಸ ಕೋಡ್ ಕೇಳಿ. ಕೋಡಿನಲ್ಲಿ ಒಟ್ಟು 11 ಅಕ್ಷರ, ಅಂಕಿ. ಐದನೆಯದ್ದು ಯಾವಾಗಲೂ ಸೊನ್ನೆ, ಇಂಗ್ಲಿಷಿನ ಓ ಅಕ್ಷರ ಅಲ್ಲ. ಕೈಬರಹದಲ್ಲಿ ಎಡವೋದು ಅಲ್ಲೇ.

ಮಗನ ಖಾತೆಯ ವಿಷಯಕ್ಕೆ ಬರುತ್ತೇನೆ. ಮನೆ ತಂದೆಯ ಹೆಸರಿನಲ್ಲಿದ್ದರೆ ದುಡ್ಡು ತಂದೆಯ ಖಾತೆಗೇ ಹೋಗಬೇಕು. ಕ್ರಯಪತ್ರದಲ್ಲಿ "ಇಷ್ಟು ಮೊತ್ತ ನನಗೆ ಸಂದಿದೆ" ಅಂತ ಬರೆದುಕೊಡುವವರು ಅವರು. 10 ಲಕ್ಷ ಇನ್ನೊಬ್ಬರಿಗೆ ಹೋದರೆ, ಅದು ಈ ಮನೆಗೆ ಕೊಟ್ಟ ದುಡ್ಡೇ ಅಲ್ಲ ಎಂದು ನಾಳೆ ಯಾರಾದರೂ ತಕರಾರು ತೆಗೆಯಬಹುದು. ಆದಾಯ ತೆರಿಗೆಯವರು ಕೇಳಿದರೆ ನೀವಿಬ್ಬರೂ ಉತ್ತರ ಹುಡುಕಬೇಕು. ಮಗನಿಗೆ ಕೊಡಬೇಕು ಅಂತಿದ್ದರೆ ತಮ್ಮ ಖಾತೆಗೆ ಬಂದ ಮೇಲೆ ಅವರೇ ಕೊಡಲಿ, ಐದು ನಿಮಿಷದ ಕೆಲಸ. ಈ ಮಾತನ್ನು ಬ್ರೋಕರ್‌ಗೆ ಹೇಳಬೇಡಿ, ಮಾರುವವರಿಗೇ ನೇರವಾಗಿ ಫೋನ್ ಮಾಡಿ ಹೇಳಿ. ಮಗನ ಖಾತೆಗೆ ಹಾಕಿ ಅಂತ ಅವರು ಹೇಳಿದ್ದಾರೋ ಇಲ್ಲವೋ ಅನ್ನುವುದೂ ಆಗಲೇ ಗೊತ್ತಾಗುತ್ತೆ.

ಇದು ಬ್ರೋಕರ್ ಮೇಲಿನ ಅನುಮಾನ ಅಲ್ಲ. ದೊಡ್ಡ ವ್ಯವಹಾರದಲ್ಲಿ ಈಗ ನಡೆಯುವ ಮೋಸದ ಒಂದು ಬಗೆಯೇ ಹೀಗಿದೆ. ಎಲ್ಲ ಸರಿಯಾಗಿ ನಡೆದಿರುತ್ತೆ. ಕೊನೇ ದಿನ ವಾಟ್ಸ್ಆ್ಯಪ್‌ನಲ್ಲೋ ಇಮೇಲ್‌ನಲ್ಲೋ ಒಂದು ಸಂದೇಶ ಬರುತ್ತೆ: "ಆ ಖಾತೆಯಲ್ಲಿ ಏನೋ ಸಮಸ್ಯೆ, ಈ ಖಾತೆಗೆ ಹಾಕಿ." ಸಂದೇಶ ಬಂದ ನಂಬರ್ ಪರಿಚಯದ್ದೇ ಇರಬಹುದು, ಫೋನನ್ನೇ ಯಾರೋ ಹಿಡಿತಕ್ಕೆ ತೆಗೆದುಕೊಂಡಿರಬಹುದು. ಖಾತೆ ಬದಲಾಯಿತು ಅನ್ನುವ ಸುದ್ದಿ ಯಾವ ದಾರಿಯಲ್ಲೇ ಬರಲಿ, ಮೊದಲಿಂದ ನಿಮ್ಮಲ್ಲಿರುವ ನಂಬರಿಗೆ ನೀವೇ ಕರೆ ಮಾಡಿ ದನಿ ಕೇಳಿ ಖಚಿತ ಮಾಡಿಕೊಳ್ಳಿ. ಆಮೇಲೂ ಮುಂದೆ ಬರುವ ಸಣ್ಣ ಮೊತ್ತದ ಪರೀಕ್ಷೆ ಮಾಡದೆ ಕಳಿಸಬೇಡಿ.

ಸಣ್ಣ ಮೊತ್ತದ ಪರೀಕ್ಷೆ ಹೀಗೆ. ಸೋಮವಾರವೋ ಮಂಗಳವಾರವೋ ಆ ಖಾತೆಗೆ 117 ರೂಪಾಯಿಯೋ 143 ರೂಪಾಯಿಯೋ, ಹೀಗೆ ಯಾವುದಾದರೂ ವಿಚಿತ್ರ ಮೊತ್ತ ಕಳಿಸಿ. ಎಷ್ಟು ಅಂತ ಹೇಳಬೇಡಿ. "ಒಂದಿಷ್ಟು ಹಾಕಿದ್ದೇನೆ, ಎಷ್ಟು ಬಂತು ಹೇಳಿ" ಅಂತ ಮಾರುವವರನ್ನೇ ಕೇಳಿ. ಸರಿಯಾದ ಮೊತ್ತ ಹೇಳಿದರೆ ಖಾತೆ ಅವರ ಕೈಯಲ್ಲೇ ಇದೆ ಅಂತಾಯಿತು. ಒಂದು ರೂಪಾಯಿ ಹಾಕಿ "ಬಂತಾ?" ಅಂತ ಕೇಳಿದರೆ ಯಾರು ಬೇಕಾದರೂ "ಹ್ಞೂಂ ಬಂತು" ಅಂದುಬಿಡುತ್ತಾರೆ.

ಇನ್ನು ಭಾವ ಹೇಳಿದ ಡಿಡಿ. ಹಳೇ ಕಾಲದ್ದು ಅಂತ ನಗುವವರಿದ್ದಾರೆ. ನಾನು ನಗಲ್ಲ. ಡಿಡಿ ಮಾಡಿಸಿದ ಕೂಡಲೇ ದುಡ್ಡು ನಿಮ್ಮ ಖಾತೆಯಿಂದ ಹೋಗಿ ಬ್ಯಾಂಕಿನ ಬಳಿ ಇರುತ್ತೆ, ಹಾಗಾಗಿ ದುಡ್ಡಿಲ್ಲ ಅಂತ ಬೌನ್ಸ್ ಆಗುವ ಮಾತಿಲ್ಲ. ಮಾರುವವರ ಕೈಗೂ ಇನ್ನೂ ಹೋಗಿರಲ್ಲ. ಕಾಗದ ನಿಮ್ಮ ಜೇಬಿನಲ್ಲಿರುತ್ತೆ. ಸಬ್ ರಿಜಿಸ್ಟ್ರಾರ್ ಎದುರು ಅವರು ಸಹಿ, ಹೆಬ್ಬೆಟ್ಟು ಹಾಕಿದಾಗ ನೀವು ಕೈಗೆ ಕೊಡುತ್ತೀರಿ. ಇನ್ನೊಂದು ಅನುಕೂಲ, ಡಿಡಿ ನಂಬರ್, ತಾರೀಕು, ಬ್ಯಾಂಕಿನ ಹೆಸರನ್ನು ಮುಂಚೆಯೇ ಕ್ರಯಪತ್ರದಲ್ಲಿ ಟೈಪ್ ಮಾಡಿಸಬಹುದು. ಆರ್‌ಟಿಜಿಎಸ್‌ನ ಯುಟಿಆರ್ ನಂಬರ್ ದುಡ್ಡು ಹೋದ ಮೇಲಷ್ಟೇ ಹುಟ್ಟುತ್ತೆ. ರಿಜಿಸ್ಟ್ರೇಷನ್ ಮುಂದಕ್ಕೆ ಹೋದರೆ ಡಿಡಿ ಜೇಬಿನಲ್ಲೇ ಇರುತ್ತೆ, ಮೂರು ತಿಂಗಳು ನಡೆಯುತ್ತೆ. ವ್ಯವಹಾರವೇ ಮುರಿದರೆ ಮೂಲ ಡಿಡಿ ಬ್ಯಾಂಕಿಗೆ ಒಪ್ಪಿಸಿ ರದ್ದು ಮಾಡಿಸಬಹುದು, ಸ್ವಲ್ಪ ಚಾರ್ಜ್ ಹೋಗುತ್ತೆ ಅಷ್ಟೇ.

ಕಳೆದರೆ? 20,000 ಮತ್ತು ಅದರ ಮೇಲಿನ ಡಿಡಿಗಳೆಲ್ಲ ಅಕೌಂಟ್ ಪೇಯಿ ಗೆರೆ ಹಾಕಿಯೇ ಬರುತ್ತವೆ, ಹೆಸರಿದ್ದವರ ಖಾತೆಗೆ ಬಿಟ್ಟು ಬೇರೆಡೆ ಜಮಾ ಆಗಲ್ಲ. 2018ರ ಸೆಪ್ಟೆಂಬರ್ 15ರಿಂದ ಕೊಂಡವರ ಹೆಸರನ್ನೂ ಮುಂಭಾಗದಲ್ಲೇ ಮುದ್ರಿಸುತ್ತಾರೆ. ಕಳೆದರೆ ನಕಲು ಡಿಡಿ ಸಿಗುತ್ತೆ, ಆದರೆ ಅಂದೇ ಸಿಗಲ್ಲ. ಗುರುವಾರದ ಕೆಲಸ ಕೆಟ್ಟಿತು ಅಂತಲೇ ಲೆಕ್ಕ.

ಡಿಡಿಯ ತೊಡಕು ಮಾರುವವರ ಕಡೆ ಇದೆ. ನಕಲಿ ಡಿಡಿ ಕೊಟ್ಟು ಮೋಸ ಮಾಡಿದವರು ಇದ್ದಾರೆ, ಹಾಗಾಗಿ ಅವರು ಅನುಮಾನಪಟ್ಟರೆ ಬೇಜಾರು ಮಾಡಿಕೊಳ್ಳಬೇಡಿ. ಬುಧವಾರವೇ ಡಿಡಿಯ ಫೋಟೋ ಕಳಿಸಿ. ಗುರುವಾರ ಬೆಳಿಗ್ಗೆ ಅದೇ ಬ್ಯಾಂಕಿನ ಶಿವಮೊಗ್ಗ ಶಾಖೆಗೆ ಇಬ್ಬರೂ ಒಟ್ಟಿಗೆ ಹೋಗಿ ಮೂಲ ತೋರಿಸಿ ವಿಚಾರಿಸಿ. ಡಿಡಿಯ ಮೇಲೆ ಯಾರೋ ಬರೆದುಕೊಟ್ಟ ಫೋನ್ ನಂಬರಿಗೆ ಕರೆ ಮಾಡುವುದು ವಿಚಾರಿಸಿದ ಹಾಗಲ್ಲ ಅಂತ ಅವರಿಗೂ ಹೇಳಿ.

ಹಾಗಾದರೆ ನಿಮಗೆ ಯಾವುದು? ನಿಮ್ಮ ಸಂದರ್ಭದಲ್ಲಿ ನನ್ನ ಮತ ಭಾವನ ಕಡೆ. ಕಾರಣ ಎರಡು. ಮಾರುವವರು ಮೊದಲಿಂದ ಪರಿಚಯದವರಲ್ಲ, ಬ್ರೋಕರ್ ಮೂಲಕ ಸಿಕ್ಕವರು. ಇನ್ನೊಂದು, ನಿಮ್ಮ ಖಾತೆ ಇರೋದು ತೀರ್ಥಹಳ್ಳಿಯಲ್ಲಿ, ರಿಜಿಸ್ಟ್ರೇಷನ್ ಶಿವಮೊಗ್ಗದಲ್ಲಿ. ನಡುವೆ ಸುಮಾರು 60 ಕಿಲೋಮೀಟರ್ ಕಾಡಿನ ರಸ್ತೆ. ಆರ್‌ಟಿಜಿಎಸ್‌ಗಾಗಿ ಶಾಖೆಗೆ ಕೊಡುವ ಇಷ್ಟು ದೊಡ್ಡ ಮೊತ್ತದ ಚೆಕ್ಕಿಗೆ ಸ್ವಂತ ಶಾಖೆಗೇ ಬನ್ನಿ ಅಂತ ಹಲವು ಬ್ಯಾಂಕುಗಳು ಹೇಳುತ್ತವೆ. ಬುಧವಾರ ಬೆಳಿಗ್ಗೆ ತೀರ್ಥಹಳ್ಳಿಯಲ್ಲಿ ಡಿಡಿ ಮಾಡಿಸಿದರೆ ಗುರುವಾರ ನೆಟ್‌ವರ್ಕು, ಒಟಿಪಿ, ಕೌಂಟರಿನ ಹೊತ್ತು ಯಾವುದರ ಹಂಗೂ ಇಲ್ಲ. ಮಳೆಗಾಲವಾದರೆ ಕರೆಂಟ್ ಹೋಗಿ ಟವರ್ ಸತ್ತ ದಿನ ಒಟಿಪಿಗೆ ಕಾಯುವ ಕಷ್ಟ ನಿಮಗೆ ನಾನು ಹೇಳಬೇಕಾಗಿಲ್ಲ.

ಮಾರುವವರು ಡಿಡಿಗೆ ಸುತರಾಂ ಒಪ್ಪಲ್ಲ, ಆರ್‌ಟಿಜಿಎಸ್ಸೇ ಬೇಕು ಅಂದರೆ ಅದನ್ನೂ ಸುರಕ್ಷಿತವಾಗಿ ಮಾಡಬಹುದು. ಬುಧವಾರ ಅಲ್ಲ, ಗುರುವಾರ ಬೆಳಿಗ್ಗೆ. ಮಾರುವವರು ನಿಮ್ಮ ಪಕ್ಕ ಕೂತಿರಬೇಕು. ಅದಕ್ಕೂ ಮುಂಚೆ ಕ್ರಯಪತ್ರದ ಕರಡು ಇಬ್ಬರೂ ಓದಿ ಒಪ್ಪಿರಬೇಕು, ಆ ವಾರ ತೆಗೆಸಿದ ಋಣಭಾರ ಪತ್ರ (ಮನೆಯ ಮೇಲಿನ ಸಾಲ ತಿಳಿಸುವ ಇಸಿ), ಇ-ಖಾತೆ (ಮನೆಯ ಆಸ್ತಿ ದಾಖಲೆ) ನಿಮ್ಮ ವಕೀಲರು ನೋಡಿರಬೇಕು, ರಿಜಿಸ್ಟ್ರೇಷನ್ ಸಮಯ ನಿಗದಿಯಾಗಿರಬೇಕು. ಇದರಲ್ಲಿ ಒಂದು ಬಾಕಿ ಇದ್ದರೂ ದುಡ್ಡು ಕಳಿಸಬೇಡಿ. ತೀರ್ಥಹಳ್ಳಿ ಮ್ಯಾನೇಜರ್ ಹತ್ತಿರ ಸೋಮವಾರವೇ ಕೇಳಿ: "ಗುರುವಾರ 36 ಲಕ್ಷದ ಆರ್‌ಟಿಜಿಎಸ್ ಶಿವಮೊಗ್ಗ ಶಾಖೆಯಲ್ಲಿ ಕೊಟ್ಟರೆ ತಗೋತಾರಾ? ನೀವೊಂದು ಮಾತು ಹೇಳ್ತೀರಾ?" ಆಗಲ್ಲ ಅಂದರೆ ನೆಟ್ ಬ್ಯಾಂಕಿಂಗ್ ಒಂದೇ ದಾರಿ, ಅದಕ್ಕೆ ದಿನದ ಮಿತಿ ಏರಿಸಿಕೊಳ್ಳಬೇಕು, ಮಾರುವವರ ಖಾತೆಯನ್ನು ಮೊದಲೇ ಸೇರಿಸಿಡಬೇಕು. ಹೊಸದಾಗಿ ಸೇರಿಸಿದ ಖಾತೆಗೆ ಮೊದಲ ಕೆಲವು ಗಂಟೆ ಅಥವಾ ಒಂದು ದಿನ ದೊಡ್ಡ ಮೊತ್ತ ಹೋಗದ ಹಾಗೆ ಬ್ಯಾಂಕುಗಳು ತಡೆ ಇಟ್ಟಿರುತ್ತವೆ. ಗುರುವಾರ ಬೆಳಿಗ್ಗೆ ಸೇರಿಸಲು ಕೂತರೆ ಸಿಕ್ಕಿಬೀಳುತ್ತೀರಿ.

ಶಾಖೆಯಲ್ಲಿ ಮಾಡುವುದಾದರೆ ಆರ್‌ಟಿಜಿಎಸ್ ಚಲನ್ ಜೊತೆ ನಿಮ್ಮ ಚೆಕ್ ಕೊಡಬೇಕು. ಚೆಕ್ಕಿನಲ್ಲಿ ಮಾರುವವರ ಹೆಸರಲ್ಲ, "ಯುವರ್‌ಸೆಲ್ಫ್ ಫಾರ್ ಆರ್‌ಟಿಜಿಎಸ್" ಅಂತ ಬರೆಸುವುದು ರೂಢಿ. ಬರೆಯುವ ಮುಂಚೆ ನಿಮ್ಮ ಬ್ಯಾಂಕಿನ ಕ್ರಮ ಕೇಳಿ. ಸಹಿ ಬ್ಯಾಂಕಿನಲ್ಲಿರುವ ಮಾದರಿಯ ಹಾಗೇ ಇರಬೇಕು. ತೋಟದ ಕೆಲಸ ಮಾಡಿ ಕೈ ನಡುಗುವ ಹಿರಿಯರ ಸಹಿ ಹೊಂದದೆ ಅರ್ಧ ದಿನ ಹಾಳಾಗುವುದು ಹೊಸದೇನಲ್ಲ. ಗುಮಾಸ್ತರು ನಂಬರ್ ಹಾಕಿ ಮುಗಿಸಿದ ಮೇಲೆ ಇನ್ನೊಬ್ಬ ಅಧಿಕಾರಿ ಅದನ್ನು ನೋಡಿ ಒಪ್ಪಬೇಕು, ಆಗಲೇ ದುಡ್ಡು ಹೊರಡೋದು. ಈ ಎರಡರ ನಡುವೆ ನೀವು ಒಂದು ಸಲ ಕೇಳಿ: "ಸಾರ್, ನಂಬರ್ ಓದಿ ಹೇಳ್ತೀರಾ?" ಅವರು ಪರದೆ ನೋಡಿ ಓದಲಿ, ನೀವು ಕ್ಯಾನ್ಸಲ್ ಮಾಡಿದ ಚೆಕ್ ನೋಡಿ ಬೆರಳಿಟ್ಟು ಹೊಂದಿಸಿ. ಚಲನ್ ನೋಡಿ ಹೊಂದಿಸಬೇಡಿ. ಚಲನ್ ಬರೆದದ್ದೇ ತಪ್ಪಾಗಿದ್ದರೆ ಎರಡೂ ಹೊಂದಿಬಿಡುತ್ತವೆ!

ಅಧಿಕಾರಿ ಒಪ್ಪಿದ ಮೇಲೆ ನಿಮ್ಮ ಫೋನಿಗೆ ಮೊತ್ತ ಕಡಿತವಾದ ಸಂದೇಶ ಬರುತ್ತೆ. ಅದು ನಿಮ್ಮಿಂದ ಹೋಯಿತು ಅನ್ನುವುದಕ್ಕೆ ಸಾಕ್ಷಿ, ಅವರಿಗೆ ಮುಟ್ಟಿತು ಅನ್ನುವುದಕ್ಕಲ್ಲ. ಆರ್‌ಟಿಜಿಎಸ್‌ನ ಯುಟಿಆರ್ 22 ಅಕ್ಷರ, ಅಂಕಿಗಳದ್ದು. ಅದನ್ನು ಚಲನ್ನಿನ ನಕಲಿನ ಮೇಲೆ ಬರೆಸಿಕೊಂಡು ಶಾಖೆಯ ಸೀಲು ಹಾಕಿಸಿ. ಮಾರುವವರು ತಮ್ಮ ಖಾತೆಯನ್ನೇ ತೆರೆದು ನೋಡಲಿ, ಸ್ಕ್ರೀನ್‌ಶಾಟ್ ನಂಬಬೇಕಾಗಿಲ್ಲ. ಮುಟ್ಟಿತು ಅಂದ ಮೇಲೆ ಯುಟಿಆರ್ ನಂಬರನ್ನು ಕ್ರಯಪತ್ರದಲ್ಲಿ ಬರೆಸಿ, ನೇರವಾಗಿ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೊರಡಿ. ನಡುವೆ ಹೋಟೆಲಿಗೆ ಹೋಗಿ ಊಟ ಮಾಡಿ ಬರೋಣ ಅನ್ನುವುದೆಲ್ಲ ಬೇಡ.

ಮಾರುವವರು "ಸ್ವಲ್ಪ ಕ್ಯಾಶ್ ಕೊಡಿ, ಉಳಿದದ್ದು ಬ್ಯಾಂಕಿನಲ್ಲಿ" ಅಂತ ಕೊನೇ ಗಳಿಗೆಯಲ್ಲಿ ಕೇಳಬಹುದು. ಒಪ್ಪಬೇಡಿ. ಮನೆ, ಜಾಗದ ವ್ಯವಹಾರದ ಮುಂಗಡವನ್ನು 20,000 ರೂಪಾಯಿ ಅಥವಾ ಅದಕ್ಕಿಂತ ಜಾಸ್ತಿ ನಗದಿನಲ್ಲಿ ತೆಗೆದುಕೊಳ್ಳುವ ಹಾಗಿಲ್ಲ, 2 ಲಕ್ಷ ಮತ್ತು ಮೇಲಿನ ನಗದಂತೂ ಯಾವ ವ್ಯವಹಾರಕ್ಕೂ ಇಲ್ಲ. ತೆಗೆದುಕೊಂಡವರಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು. ನಿಮಗೆ ಕೊಟ್ಟದ್ದಕ್ಕೆ ಪುರಾವೆ ಇರಲ್ಲ. ತೆರಿಗೆಯ ಇನ್ನೊಂದು ವಿಷಯ: ಬೆಲೆಯೋ ಸ್ಟ್ಯಾಂಪ್ ಲೆಕ್ಕದ ಸರ್ಕಾರಿ ಮೌಲ್ಯವೋ 50 ಲಕ್ಷ ಮುಟ್ಟಿದ್ದರೆ ನೀವೇ 1 ಪರ್ಸೆಂಟ್ ಟಿಡಿಎಸ್ ಹಿಡಿದು ಸರ್ಕಾರಕ್ಕೆ ಕಟ್ಟಬೇಕಿತ್ತು. ನಿಮ್ಮ ಬೆಲೆ 42, ಸರ್ಕಾರಿ ಮೌಲ್ಯವೂ 50ರ ಒಳಗಿದ್ದರೆ ಇಲ್ಲ. ಮಾರುವವರು ವಿದೇಶದಲ್ಲಿ ನೆಲೆಸಿದವರಾದರೆ ಮಾತ್ರ ಲೆಕ್ಕ ಬೇರೆ, ಆಗ ಆಡಿಟರ್ ಕೇಳದೆ ದುಡ್ಡು ಕೊಡಬೇಡಿ.

ಇಷ್ಟೆಲ್ಲ ಮುಂಜಾಗ್ರತೆ ಇದ್ದೂ ಮೋಸವಾಯಿತು ಅಂದರೆ, ಯಾರನ್ನೂ ಬೈಯುತ್ತಾ ಕೂರದೆ 1930ಕ್ಕೆ ಕರೆ ಮಾಡಿ. ಆನ್‌ಲೈನ್ ಹಣದ ಮೋಸಕ್ಕೆ ಇರುವ ಸಹಾಯವಾಣಿ ಅದು. ದುಡ್ಡು ಇನ್ನೊಂದು ಖಾತೆಗೆ ದಾಟುವ ಮುಂಚೆ ತಡೆ ಹಾಕಿಸಲು ಅವಕಾಶ ಇರೋದು ಮೊದಲ ಕೆಲವು ಗಂಟೆಗಳಲ್ಲಿ. ಜೊತೆಗೇ ನಿಮ್ಮ ಬ್ಯಾಂಕಿಗೂ ತಿಳಿಸಿ. ಮೋಸ ಅಲ್ಲದೆ ಬ್ಯಾಂಕಿನ ಕಡೆಯ ತಪ್ಪಾಗಿದ್ದರೆ ಮೊದಲು ಶಾಖೆಗೆ ಬರವಣಿಗೆಯಲ್ಲಿ ದೂರು. 30 ದಿನದಲ್ಲಿ ಉತ್ತರ ಬಾರದಿದ್ದರೆ ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ ರಿಸರ್ವ್ ಬ್ಯಾಂಕಿನ ದೂರು ಪರಿಹಾರ ಅಧಿಕಾರಿ, ಅಂದರೆ ಓಂಬುಡ್ಸ್‌ಮನ್‌ಗೆ ಬರೆಯಬಹುದು. ಅದಕ್ಕೆ ಫೀಸ್ ಇಲ್ಲ.

ಈಗ ಈ ವಾರ ನೀವು ಮಾಡಬೇಕಾದದ್ದು. ಎಲ್ಲಕ್ಕಿಂತ ಮೊದಲು ಸೊಸೈಟಿಯ ದುಡ್ಡು. ಸೊಸೈಟಿ ಅಂದರೆ ಬ್ಯಾಂಕ್ ಅಲ್ಲ, ಅಲ್ಲಿನ ಖಾತೆಯಿಂದ ಮಾರುವವರಿಗೆ ನೇರವಾಗಿ ಆರ್‌ಟಿಜಿಎಸ್ ಹೋಗುತ್ತೆ ಅಂತ ನೆಚ್ಚಿಕೊಳ್ಳಬೇಡಿ. ಅವರು ತಮ್ಮ ಬ್ಯಾಂಕ್ ಖಾತೆಯ ಚೆಕ್ ಕೊಡುತ್ತಾರೆ ಅಥವಾ ಆ ಬ್ಯಾಂಕಿನ ಮೂಲಕ ಕಳಿಸುತ್ತಾರೆ. ಠೇವಣಿಯಾಗಿದ್ದರೆ ಮುರಿಸಬೇಕು, ಸೆಕ್ರೆಟರಿ ಸಹಿ ಬೇಕು, ದೊಡ್ಡ ಮೊತ್ತವಾದರೆ ಅವರೂ ಒಂದೆರಡು ದಿನ ಕೇಳಬಹುದು. ನಾಳೆಯೇ ಹೋಗಿ ಹೇಳಿ. ಮಂಡಿಯಿಂದ ಅಡಿಕೆ ಬಾಬ್ತು ಬರಬೇಕಾಗಿದ್ದು ಇದ್ದರೆ ಅದನ್ನು ಈ ಲೆಕ್ಕಕ್ಕೆ ಸೇರಿಸಬೇಡಿ, ಬಂದಾಗ ಬಂತು. ಮಂಗಳವಾರ ಸಂಜೆಯೊಳಗೆ 36 ಲಕ್ಷ, ಅದರ ಮೇಲೆ ಡಿಡಿ ಕಮಿಷನ್, ಸ್ಟ್ಯಾಂಪ್ ಮತ್ತು ರಿಜಿಸ್ಟ್ರೇಷನ್ ಖರ್ಚು ಒಂದೇ ಖಾತೆಯಲ್ಲಿ ನಿಂತಿರಲಿ.

ಸೋಮವಾರ ಬ್ಯಾಂಕಿಗೆ ಹೋದಾಗ ಕೆವೈಸಿ (ಬ್ಯಾಂಕಿಗೆ ಕೊಟ್ಟ ಗುರುತು, ವಿಳಾಸದ ದಾಖಲೆ) ಹಳತಾಗಿದೆಯಾ ಕೇಳಿ. ವರ್ಷಗಟ್ಟಲೆ ಸುಮ್ಮನಿದ್ದು ಸರಿಯಾಗಿ ದೊಡ್ಡ ಮೊತ್ತ ತೆಗೆಯುವ ದಿನವೇ ಖಾತೆಗೆ ತಡೆ ಬಿದ್ದಿರೋದು ಗೊತ್ತಾಗುತ್ತೆ. ಆಧಾರ್, ಪಾನ್ ಎರಡೂ ಜೊತೆಗಿರಲಿ. ಖಾತೆ ಜಂಟಿಯಾಗಿದ್ದು ಇಬ್ಬರೂ ಸಹಿ ಹಾಕಬೇಕು ಅಂತಿದ್ದರೆ ಮನೆಯವರನ್ನೂ ಕರೆದುಕೊಂಡು ಹೋಗಿ. ಡಿಡಿ ಮಾಡಿಸಿಕೊಂಡ ಮೇಲೆ ಕೌಂಟರ್ ಬಿಡುವ ಮುಂಚೆಯೇ ಹೆಸರು, ಅಂಕಿ, ಅಕ್ಷರದಲ್ಲಿ ಬರೆದ ಮೊತ್ತ, ತಾರೀಕು, ಅಧಿಕಾರಿಗಳ ಸಹಿ ನೋಡಿಕೊಳ್ಳಿ. ಮಾರುವವರ ಹೆಸರು ಕ್ರಯಪತ್ರದ ಕರಡಿನಲ್ಲಿರುವ ಹಾಗೇ, ಅವರ ಬ್ಯಾಂಕ್ ಖಾತೆಯಲ್ಲಿರುವ ಹಾಗೇ ಇರಬೇಕು. ಎರಡು ಜೆರಾಕ್ಸ್ ತೆಗೆಸಿ, ಒಂದನ್ನು ಪತ್ರ ಬರಹಗಾರರಿಗೆ ಕೊಡಿ, ಇನ್ನೊಂದರ ಮೇಲೆ ಗುರುವಾರ ಮಾರುವವರಿಂದ "ಮೂಲ ಡಿಡಿ ತಲುಪಿದೆ" ಅಂತ ಬರೆಸಿ ಸಹಿ ಹಾಕಿಸಿಕೊಳ್ಳಿ. ರಿಜಿಸ್ಟ್ರೇಷನ್ ಮುಗಿದ ವಾರ ಪಾಸ್‌ಬುಕ್ ಎಂಟ್ರಿ ಹಾಕಿಸಿ, ಆ ಪುಟದ ನಕಲನ್ನೂ ಕ್ರಯಪತ್ರದ ಜೊತೆಗೇ ಇಡಿ.